ನಂಜುಂಡಯ್ಯನ ಅರ್ಜಿ ಮಂಜೂರಾಯಿತು

ಚನ್ನಪಟ್ಟಣದ ತಾಲ್ಲೂಕು ಕಚೇರಿ ರಸ್ತೆಯಲ್ಲಿ ನಂಜುಂಡಯ್ಯನಷ್ಟು ಅರ್ಜಿ ಬರೆದವರು ಇನ್ನೊಬ್ಬರಿಲ್ಲ. ಪಹಣಿ ತಿದ್ದುಪಡಿ, ವೃದ್ಧಾಪ್ಯ ವೇತನ, ಪಕ್ಕದ ಮನೆಯವರ ತೆಂಗಿನ ಗರಿ ನಮ್ಮ ಹೆಂಚಿನ ಮೇಲೆಯೇ ಬೀಳುತ್ತದೆಂಬ ದೂರು, ಹೀಗೆ ಯಾವ ಸಂಕಟ ಹೊತ್ತು ಬಂದವನೂ ಅವನ ಜೆರಾಕ್ಸ್ ಅಂಗಡಿಯಿಂದ ಒಂದು ‘ಮಾನ್ಯರೇ’, ಒಂದು ‘ವಿಷಯ’, ಒಂದು ‘ಉಲ್ಲೇಖ’ ಮತ್ತು ಆರು ಪ್ರತಿಗಳೊಂದಿಗೆ ಹೊರಗೆ ಬರುತ್ತಿದ್ದ. ಪ್ರತಿಗಳ ವಿಷಯದಲ್ಲಿ ನಂಜುಂಡಯ್ಯನದು ಧಾರಾಳ ಕೈ. ‘ಅರ್ಜಿ ತಹಸೀಲ್ದಾರರಿಗೆ ಬರೀರಿ, ಪ್ರತಿ ಅವರಿಗಿಂತ ದೊಡ್ಡವರಿಗೆ ಹಾಕಿ, ಆಗ ನೋಡಿ ಮಜಾ’ ಎಂದು ಅವನು ರೈತರಿಗೆ ಕಿವಿಮಾತು ಹೇಳುತ್ತಿದ್ದ. ಈ ಚಾಳಿ ಅಂಗಡಿಯಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಒಮ್ಮೆ ಸಾರಿಗೆ ಉಪ್ಪು ಹೆಚ್ಚಾದಾಗ ‘ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂದು ಶುರುಮಾಡಿ, ಹೆಂಡತಿ ಶಿವಲಿಂಗಮ್ಮನಿಂದ ಎರಡು ದಿನ ಬರೀ ಮಜ್ಜಿಗೆ ಅನ್ನ ತಿಂದಿದ್ದ.

ಅವನ ಅಂಗಡಿಗೆ ಅಂಟಿಕೊಂಡೇ ಸಮದನ ಬೊಂಬೆ ಅಂಗಡಿ. ಇಬ್ಬರ ನಡುವೆ ಒಂದೇ ಗೋಡೆ, ಇಪ್ಪತ್ತೆರಡು ವರ್ಷದ ಸ್ನೇಹ. ಬೊಂಬೆ ಡಬ್ಬಿಗಳಿಗೆ ಸ್ಟಿಕ್ಕರ್ ತೆಗೆಯಲು ಸಮದ್ ಒಂದು ಒಳ್ಳೆಯ ಪ್ರಿಂಟರ್ ತಂದಿದ್ದ. ಎರಡು ವರ್ಷದ ಹಿಂದೆ ನಂಜುಂಡಯ್ಯನ ಪ್ರಿಂಟರ್ ಕೆಟ್ಟು ಕೂತಾಗ, “ಒಂದು ಗೋಡೆಗೆ ಎಲ್ಡು ಪ್ರಿಂಟರ್ ಯಾಕ್ಲಾ? ನಂದೇ ಐತಲ್ಲ” ಎಂದು ಸಮದನೇ ಗೋಡೆಗೆ ತೂತು ಕೊರೆದ. ತಂತಿಗೆ ಗಾರೆ ತರಚಬಾರದೆಂದು ತೂತಿಗೆ ಹಾಲೆ ಮರದ ಒಂದು ಬಳೆ ಕಡೆದು, ಕೆಂಪು ಅರಗು ಹಾಕಿ ಮಿರಮಿರ ಮಿಂಚುವಂತೆ ಮಾಡಿ ಕೂರಿಸಿದ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವ ಅವನ ಮಗಳು ಹಿನಾ ಎರಡೂ ಕಡೆ ಜೋಡಿಸಿಕೊಟ್ಟಳು. ಸಮದನ ಕಂಪ್ಯೂಟರಿನಲ್ಲಿ ವಿಂಡೋಸ್. ರೈತರ ಪೆನ್‌ಡ್ರೈವಿನಿಂದ ವಾರಕ್ಕೊಂದು ವೈರಸ್ ಹಿಡಿಸಿಕೊಳ್ಳುತ್ತಿದ್ದ ನಂಜುಂಡಯ್ಯನ ಕಂಪ್ಯೂಟರಿಗೆ ಅವಳೇ ಲಿನಕ್ಸ್ ಹಾಕಿದ್ದಳು. ಸಮದನ ಕಂಪ್ಯೂಟರಿನಲ್ಲಿ ಇಬ್ಬರಿಗೂ ಕಾಣುವಂತೆ ‘ನಂಜ’ ಎಂಬ ಹೆಸರಿನ ಒಂದು ಫೋಲ್ಡರ್ ಇತ್ತು.

ನಂಜುಂಡಯ್ಯ ಈಚೆ ಗುಂಡಿ ಒತ್ತಿದರೆ ಕಾಗದ ಆಚೆ ಸಮದನ ಅಂಗಡಿಯಲ್ಲಿ ಬೀಳುತ್ತಿತ್ತು. ಮೆಟ್ಟಿಲಿಳಿದು ಮೆಟ್ಟಿಲು ಹತ್ತಿದರೆ ಹನ್ನೆರಡು ಹೆಜ್ಜೆ. ಅವನು ಹೋಗುವಷ್ಟರಲ್ಲಿ ಸಮದ್ ಆ ಅರ್ಜಿಯನ್ನು ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದುತ್ತ ಕೂತಿರುತ್ತಿದ್ದ. ಓದಿ ಮುಗಿಸಿ, “ಚೆನ್ನಾಗಿ ಬರ್ದಿದ್ದೀಯ ಕಣ್ಲಾ ನಂಜ, ಕಣ್ಣಲ್ಲಿ ನೀರು ಬಂದ್ಬುಡ್ತು” ಎನ್ನುತ್ತಿದ್ದ. ಚರಂಡಿ ರಿಪೇರಿಯ ಅರ್ಜಿಗೂ ಹಾಗೇ ಎನ್ನುತ್ತಿದ್ದ. ಬೆಳಿಗ್ಗೆ ಹನ್ನೊಂದಕ್ಕೆ ಆ ಬಳೆಯ ಮೂಲಕವೇ ಕೂಗು ಬರುತ್ತಿತ್ತು: “ಲೇ ನಂಜ, ಬೈ ಟೂ ಬಂತು ಬಾರ್ಲಾ!” ಒಂದು ಟೀ, ಎರಡು ಲೋಟ. ಇಪ್ಪತ್ತೆರಡು ವರ್ಷದಲ್ಲಿ ಇಬ್ಬರೂ ಪೂರ್ತಿ ಒಂದು ಲೋಟ ಟೀ ಕುಡಿದದ್ದಿಲ್ಲ.

ಹಿನಾಳ ಮದುವೆ ಕನಕಪುರದ ಕಡೆ ಗೊತ್ತಾಯಿತು. ವರನ ತಂದೆ ಸಾಬೀರ್ ಮೇಷ್ಟ್ರು, ನಿವೃತ್ತ ಕನ್ನಡ ಶಿಕ್ಷಕರು. ನಂಜುಂಡಯ್ಯ ಕೇಳಿದವರಿಗೂ ಕೇಳದವರಿಗೂ “ಕನ್ನಡದ ಕಾರ್ಡು ನಂದೇ” ಎಂದು ಸಾರಿಬಿಟ್ಟ. ಮೂರು ದಿನ ಅಂಗಡಿಯ ಕೆಲಸ ಬಿಟ್ಟು ಒಂದೂವರೆ ಪುಟದ ಕರೆಯೋಲೆ ರಚಿಸಿದ. ‘ಸದರಿ ವಿವಾಹ ಕಾರ್ಯಕ್ರಮಕ್ಕೆ ತಾವು ಸಕುಟುಂಬ ಖುದ್ದು ಹಾಜರಾಗಿ, ವಧೂವರರನ್ನು ಪರಿಶೀಲಿಸಿ, ಸೂಕ್ತ ಆಶೀರ್ವಾದವನ್ನು ದಯಪಾಲಿಸಬೇಕೆಂದು’ ಅದರಲ್ಲಿ ಕೋರಲಾಗಿತ್ತು. ಸಮದ್ ಅರ್ಧ ಗಂಟೆ ಬೆರಳಿಟ್ಟು ಓದಿದ.

“ಭಾಳ ಚೆನ್ನಾಗೈತೆ. ಆದ್ರೆ ಕಾರ್ಡಲ್ಲಿ ಹಿಡಿಯಾಕಿಲ್ವಲ್ಲೋ. ಒಸಿ ಇರು, ನೋಡಾನ.”

ನೋಡೋಣವೆಂದದ್ದು ಅಲ್ಲಿಗೇ ನಿಂತಿತು. ಮುಂದಿನ ಶನಿವಾರ ಕನಕಪುರದಲ್ಲೇ ಅಚ್ಚಾದ ಕಾರ್ಡು ಬಂತು. ಒಂದು ಕಡೆ ಉರ್ದು, ಒಂದು ಕಡೆ ಇಂಗ್ಲಿಷು. ಟೀ ಅಂಗಡಿಯವನು ಕಾರ್ಡನ್ನು ಮೂರು ಸಲ ತಿರುವಿ, “ನಿಮ್ಮ ಕನ್ನಡ ಯಾವ ಕಡೆ ಐತೆ ನಂಜಣ್ಣ?” ಎಂದು ಕೇಳಿದ. ನಂಜುಂಡಯ್ಯ ನಕ್ಕ. ನಕ್ಕು ಒಳಗೆ ಹೋಗಿ ಕೂತ. ಅವನಿಗೆ ತುಂಬಾ ನೋವಾಗಿತ್ತು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು, ಕಲ್ಯದಿಂದ ಬಂದ ರೈತನೊಬ್ಬನ ಅರ್ಜಿ ಬೆರಳಚ್ಚು ಮಾಡಿ ಗುಂಡಿ ಒತ್ತಿದ. ಗೋಡೆಯಾಚೆ ಸದ್ದಿಲ್ಲ. ಇನ್ನೊಮ್ಮೆ ಒತ್ತಿದ, ಇಲ್ಲ. ‘ನಂಜ’ ಫೋಲ್ಡರನ್ನಾದರೂ ತೆರೆಯೋಣವೆಂದರೆ ತೆರೆ ಮೇಲೆ ಒಂದು ಸಣ್ಣ ಚೌಕ ಎದ್ದು ನಿಂತಿತು: ಪರ್ಮಿಶನ್ ಡಿನೈಡ್.

ನಂಜುಂಡಯ್ಯ ದುಡುಕುವವನಲ್ಲ. ಮೊದಲು ಶಾಸ್ತ್ರೋಕ್ತವಾಗಿ ತಪಾಸಣೆ ನಡೆಸಿದ. ಕಂಪ್ಯೂಟರ್ ಆರಿಸಿ ಹಚ್ಚಿದ. ತಂತಿಯ ತುದಿ ಕಿತ್ತು ಊದಿ, ಪಂಚೆಯಲ್ಲಿ ಒರೆಸಿ ಮತ್ತೆ ಸಿಕ್ಕಿಸಿದ. ಊದುಬತ್ತಿ ಬೆಳಗಿದ. ಕೊನೆಗೆ, ಹಿನಾ ಕಲಿಸಿಕೊಟ್ಟಿದ್ದ ಒಂದೇ ಒಂದು ಮಂತ್ರವಾದ ‘ಪಿಂಗ್’ ಪ್ರಯೋಗಿಸಿದ. ಆಚೆಯ ಕಂಪ್ಯೂಟರ್ ಜೀವಂತ ಇದೆಯೋ ಇಲ್ಲವೋ ಎಂದು ತಿಳಿಸುವ ಮಂತ್ರ ಅದು. ಇದೆ, ಇದೆ, ಇದೆ ಎಂದು ಸಾಲು ಸಾಲಾಗಿ ಉತ್ತರ ಬಂತು.

ಇಷ್ಟಾದ ಮೇಲೆ ಅನುಮಾನಕ್ಕೆ ಎಡೆಯೆಲ್ಲಿ? ತಂತಿ ಸರಿಯಾಗಿದೆ. ಆಚೆಯವನು ಬದುಕಿದ್ದಾನೆ, ಕರೆದರೆ ಓಗೊಡುತ್ತಾನೆ, ಆದರೆ ಒಳಗೆ ಬಿಡುತ್ತಿಲ್ಲ! ನಂಜುಂಡಯ್ಯ ಮೂವತ್ತು ವರ್ಷ ಸರ್ಕಾರಿ ಕಚೇರಿಗಳ ಮೆಟ್ಟಿಲು ಹತ್ತಿದವನು. ಅನುಮತಿ ಎನ್ನುವುದು ತಾನಾಗಿಯೇ ನಿರಾಕರಣೆಯಾದದ್ದನ್ನು ಅವನು ಕಂಡಿರಲಿಲ್ಲ. ಎಲ್ಲೋ ಒಂದು ಕುರ್ಚಿ, ಅದರ ಮೇಲೊಬ್ಬ ಮನುಷ್ಯ, ಅವನ ಕೈಯಲ್ಲೊಂದು ಪೆನ್ನು ಇರಲೇಬೇಕು. ಗೋಡೆಯಾಚೆ ಅಂಥ ಕುರ್ಚಿಯಲ್ಲಿ ಕೂತವನು ಒಬ್ಬನೇ.

ಅಲ್ಲೇ ಪುಕ್ಕಟೆ ಪೇಪರು ಓದುತ್ತಿದ್ದ ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತ ರಾಮಲಿಂಗಯ್ಯ ಕನ್ನಡಕ ಏರಿಸಿ ತೆರೆಯನ್ನು ದಿಟ್ಟಿಸಿದ.

“ಡಿನೈಡ್ ಅಂತ ಬಂದೈತೆ ಅಂದ್ರೆ ಆರ್ಡರ್ ಆಗೋಗೈತೆ ಕಣಯ್ಯ. ಇನ್ನು ಹೋಗಿ ಕೇಳಿ ಪ್ರಯೋಜನ ಇಲ್ಲ. ಮೇಲ್ಮನವಿನೇ.”

“ಯಾಕೆ ಮಾಡಿರ್ಬೋದು ಅಂತೀಯ?”

“ಕಾರ್ಡಿಂದ ನಿನ್ನ ಕನ್ನಡ ತೆಗೆದ. ಈಗ ಕಂಪ್ಯೂಟರಿಂದ ನಿನ್ನೇ ತೆಗೆದ. ಫೈಲು ಕ್ರಮವಾಗಿ ಮೂವ್ ಆಗ್ತಾ ಐತೆ” ಎಂದು ರಾಮಲಿಂಗಯ್ಯ ಪುಟ ತಿರುವಿದ.

ಹನ್ನೊಂದಕ್ಕೆ ಬಳೆಯೊಳಗಿಂದ ಕೂಗು ಬಂತು. “ಲೇ ನಂಜ, ಬೈ ಟೂ!”

“ಕೆಲ್ಸ ಐತೆ” ಎಂದ ನಂಜುಂಡಯ್ಯ, ಗೋಡೆಗೆ ಬೆನ್ನು ಮಾಡಿ.

“ನೀನು ಯಾವಾಗ್ಲಾ ಕೆಲ್ಸ ಮಾಡಿದ್ದು?” ಎಂದು ಆ ಕಡೆಯಿಂದ ನಗು ಕೇಳಿಸಿತು. ಈ ಕಡೆಯಿಂದ ನಗು ಹೋಗಲಿಲ್ಲ. ಹೊಟ್ಟೆ ಕೆಟ್ಟಿರಬೇಕೆಂದು ಗಾಬರಿಯಾದ ಸಮದ್ ಮನೆಗೆ ಫೋನ್ ಮಾಡಿದ. ಅರ್ಧ ಗಂಟೆಯಲ್ಲಿ ಅವನ ಹೆಂಡತಿ ಸಾಬಿರಾ ಜೀರಿಗೆ ಕಷಾಯ ಕಳಿಸಿದಳು. ಇದು ಸಾಕ್ಷ್ಯ ನಾಶದ ಯತ್ನವೆಂದು ನಂಜುಂಡಯ್ಯನಿಗೆ ತಕ್ಷಣ ಹೊಳೆಯಿತು. ಆದರೂ ಬೆಲ್ಲ ಹದವಾಗಿದ್ದದ್ದರಿಂದ ಕುಡಿದ.

ಮಂಗಳವಾರವೂ ಅದೇ ಚೌಕ. ಅಂದು ಮಧ್ಯಾಹ್ನ ನಂಜುಂಡಯ್ಯ ಬಾಗಿಲು ಅರ್ಧ ಎಳೆದುಕೊಂಡು ತನ್ನ ಜೀವನದ ಅತ್ಯುತ್ತಮ ಅರ್ಜಿಯನ್ನು ಬರೆದ.

‘ವಿಷಯ: ಮುದ್ರಣ ಯಂತ್ರದ ಬಳಕೆಗೆ ಅನುಮತಿ ನಿರಾಕರಿಸಿ ಮಾನಸಿಕ ಹಿಂಸೆ ನೀಡಿರುವ ಬಗ್ಗೆ. ಮಾನ್ಯರೇ, ಸದರಿ ಸಮದ್ ಎಂಬುವರು ಮೇಲ್ನೋಟಕ್ಕೆ ಸಜ್ಜನರಂತೆ ಕಂಡುಬಂದರೂ ಒಳಗೊಂದು ಹೊರಗೊಂದು ಸ್ವಭಾವದವರಾಗಿದ್ದು, ಇವರನ್ನು ನಂಬಿ ಸಂಬಂಧ ಬೆಳೆಸಿದವರು ಮುಂದೆ ಪರಿತಪಿಸಬೇಕಾಗುತ್ತದೆ ಎಂಬುದನ್ನು ಇಪ್ಪತ್ತೆರಡು ವರ್ಷಗಳ ಸ್ವಂತ ಅನುಭವದಿಂದ ದೃಢೀಕರಿಸುತ್ತೇನೆ. ಆದ್ದರಿಂದ ಸದರಿ ಪ್ರಿಂಟರನ್ನು ನನ್ನ ಸ್ವಾಧೀನಕ್ಕೆ ಕೊಡಿಸಿ, ಉಭಯ ಅಂಗಡಿಗಳ ನಡುವಿನ ಸಂಪರ್ಕವನ್ನು ಶಾಶ್ವತವಾಗಿ ಕಡಿತಗೊಳಿಸಿಕೊಡಬೇಕೆಂದು ಪ್ರಾರ್ಥನೆ. ಇತಿ ತಮ್ಮ ವಿಶ್ವಾಸಿ, ನಂಜುಂಡಯ್ಯ.’

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ರತಿಗಳಿಲ್ಲದೆ ನಂಜುಂಡಯ್ಯನ ಕೈ ನಿಲ್ಲುವುದಿಲ್ಲ. ತಹಸೀಲ್ದಾರರಿಗೆ ಒಂದು, ನಗರಸಭೆಗೆ ಒಂದು, ಪೊಲೀಸ್ ಠಾಣೆಗೆ ಒಂದು, ವರ್ತಕರ ಸಂಘಕ್ಕೆ ಒಂದು, ಕೆಂಗಲ್ ಆಂಜನೇಯಸ್ವಾಮಿಯ ಸನ್ನಿಧಿಗೆ ಒಂದು. ಆರನೆಯದಕ್ಕೆ ಯಾರೂ ಹೊಳೆಯದೆ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಬೆರಳಚ್ಚಿಸಿದ: ‘ಶ್ರೀ ಸಾಬೀರ್ ಮೇಷ್ಟ್ರು, ವರನ ತಂದೆ, ಕನಕಪುರ, ಮಾಹಿತಿಗಾಗಿ.’

ಆಮೇಲೆ ಗುಂಡಿ ಒತ್ತಿದ.

ಕಥೆ ಹೇಳುವವರು ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಸಮದನ ಪ್ರಿಂಟರ್ ತನಗೆ ಸಿಗುತ್ತಿಲ್ಲವೆಂಬ ದೂರನ್ನು ಈ ಮಹಾನುಭಾವ ಸಮದನ ಪ್ರಿಂಟರಿಗೇ ಕಳಿಸಿದ್ದ. ಗುಂಡಿ ಒತ್ತಿ ಒತ್ತಿ ಅಭ್ಯಾಸವಾದ ಬೆರಳಿಗೆ ಅದು ತಿಳಿಯಲಿಲ್ಲ. ಆರು ಪ್ರತಿ ಬರಲಿಲ್ಲವೆಂದು ಇನ್ನೊಂದು ಸಲ ಆರು ಕಳಿಸಿದ. ಅವೂ ಬರಲಿಲ್ಲ. ತನ್ನ ವಿರುದ್ಧದ ದೂರನ್ನೂ ಸ್ವೀಕರಿಸದಷ್ಟು ಸಮದ್ ಕೆಟ್ಟುಹೋದನೇ ಎಂದು ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಬುಧವಾರ ತಿಂಡಿಯ ಹೊತ್ತಿಗೆ ಶಿವಲಿಂಗಮ್ಮ ಎಲ್ಲವನ್ನೂ ಕೇಳಿ, ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ಹನ್ನೆರಡು ಹೆಜ್ಜೆ ಹೋಗಿ, ಯಾಕಪ್ಪಾ ಹಿಂಗೆ ಅಂತ ಒಂದು ಮಾತು ಕೇಳಕ್ಕೆ ನಿಮ್ಗೆ ಕಾಲು ನೋವಾ? ನನ್ನ ಆಪರೇಷನ್ ಟೈಮಲ್ಲಿ ಆಸ್ಪತ್ರೆ ಬೆಂಚಿನ ಮೇಲೆ ಮೂರು ದಿನ ಕೂತಿದ್ದವ್ನು ಯಾರು? ನೀವಾ, ಸಮದಣ್ಣನಾ? ನೀವು ಅರ್ಜಿ ಬರೀತಾ ಕೂತಿದ್ರಿ.”

ನಂಜುಂಡಯ್ಯ ತಲೆ ತಗ್ಗಿಸಿ ರೊಟ್ಟಿ ಮುರಿದ. ಅದು ನಿಜವಾಗಿತ್ತು. ಅಂಗಡಿಗೆ ಹೋದವನೇ ಅರ್ಜಿಯ ಫೈಲನ್ನು ಅಳಿಸಿಹಾಕಿದ. ಕಸದ ಬುಟ್ಟಿಯಿಂದಲೂ ಅಳಿಸಿದ. ಎದೆ ಹಗುರವಾಯಿತು. ಯಾರೂ ಓದಲಿಲ್ಲ, ಯಾರಿಗೂ ತಿಳಿಯಲಿಲ್ಲ, ನಾಳೆ ಹನ್ನೊಂದಕ್ಕೆ ತಾನಾಗಿಯೇ ಹೋಗಿ ಟೀ ಕುಡಿದರಾಯಿತು ಎಂದುಕೊಂಡ. ಬರೆದದ್ದನ್ನು ಅಳಿಸಿದರೂ ಕಳಿಸಿದ್ದು ಅಳಿಯುವುದಿಲ್ಲ, ಆ ಹನ್ನೆರಡು ಪ್ರತಿಗಳು ಬಾಗಿಲು ಯಾವಾಗ ತೆರೆಯುತ್ತದೋ ಎಂದು ಸರತಿಯಲ್ಲಿ ನಿಂತೇ ಇವೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಗುರುವಾರ ಹತ್ತೂವರೆಗೆ ಕನಕಪುರದ ಬೀಗರು ಸಮದನ ಅಂಗಡಿಗೆ ಬಂದರು. ಸಾಬೀರ್ ಮೇಷ್ಟ್ರು, ಅವರ ಹೆಂಡತಿ, ಮೇಷ್ಟ್ರ ತಮ್ಮ ಸುಹೇಲ್. ಅವರನ್ನು ಉಪಚರಿಸಲು ಸಾಬಿರಾಳೂ ಮನೆಯಿಂದ ಬಂದಿದ್ದಳು. ಹಿನಾ ಒಂದು ತಟ್ಟೆ ಸಿಹಿ ಹಿಡಿದು ಈ ಕಡೆಗೆ ಬಂದಳು.

“ಏನ್ ಮಾಮ, ನಮ್ಮ ಕಡೆ ತಲೆನೇ ಹಾಕಿಲ್ಲ? ಅಬ್ಬ ಶನಿವಾರನೇ ಫೋಲ್ಡರ್‌ಗೆ ಹಾಕಿದ್ರಂತೆ. ನಂಜ ತೆಗೆದು ನೋಡ್ತಾನೆ, ಖುಷಿಯಾಗಿ ಓಡಿಬರ್ತಾನೆ ಅಂತ ದಿನಾ ಕಾಯ್ತಿದಾರೆ. ನಿಮಗೆ ಇಷ್ಟ ಆಗ್ಲಿಲ್ವೇನೋ ಅಂತ ಅವರಿಗೆ ಒಂದೇ ಚಿಂತೆ.”

“ಏನು ಹಾಕವ್ನೆ?”

“ನೋಡೇ ಇಲ್ವಾ?”

ನಂಜುಂಡಯ್ಯ ತೆರೆಯನ್ನು ತೋರಿಸಿದ. ಹಿನಾ ನಕ್ಕುಬಿಟ್ಟಳು. “ಅಯ್ಯೋ ಮಾಮ, ಇದು ಅಬ್ಬ ಮಾಡಿದ್ದಲ್ಲ. ಭಾನುವಾರ ಆ ಕಡೆ ವಿಂಡೋಸ್ ಅಪ್‌ಡೇಟ್ ಆಗಿದೆ. ಮುಂಚೆ ಹೆಸರು ಕೇಳದೆ ಯಾರು ಬಂದ್ರೂ ಒಳಗೆ ಬಿಡ್ತಿತ್ತು, ಈಗ ಸುರಕ್ಷತೆಗೆ ಅಂತ ಹೆಸರು, ಪಾಸ್‌ವರ್ಡ್ ಕೇಳುತ್ತೆ. ನಿಮ್ಮ ಲಿನಕ್ಸ್ ಬರಿಗೈಲಿ ಹೋಗಿ ನಿಂತ್ಕೊಂಡ್ರೆ ಇನ್ನೇನಾಗುತ್ತೆ?”

“ಅಂದ್ರೆ... ಯಾರೂ ಕೂತ್ಕೊಂಡು ಬೇಡ ಅಂದಿಲ್ವಾ?”

“ಅಲ್ಲಿ ಯಾರು ಕೂತಿರ್ತಾರೆ ಮಾಮ?”

ಅವಳು ಆ ಕಡೆ ಹೋಗಿ ನಂಜುಂಡಯ್ಯನ ಹೆಸರಿನಲ್ಲಿ ಒಂದು ಖಾತೆ ತೆರೆದು ಬಂದಳು. ಈ ಕಡೆ ಹೆಸರು, ಪಾಸ್‌ವರ್ಡ್ ತುಂಬಿದಳು. ಫೋಲ್ಡರ್ ತೆರೆಯಿತು. ಒಳಗೆ ಒಂದೇ ಫೈಲು.

ಅದು ಅವನದೇ ಕರೆಯೋಲೆ. ಒಂದೂವರೆ ಪುಟದಲ್ಲಿ ಒಂದು ಪದವೂ ಬಿಟ್ಟಿಲ್ಲ. ‘ವಧೂವರರನ್ನು ಪರಿಶೀಲಿಸಿ’ ಕೂಡ ಹಾಗೇ ಇತ್ತು. ಸುತ್ತ ಬಣ್ಣದ ಬೊಂಬೆಗಳ ಅಂಚು. “ಕನ್ನಡದೋರಿಗೆ ಇದೇ ಕೊಡ್ಬೇಕು, ಐವತ್ತು ತೆಗೀಬೇಕು, ಚಿಕ್ಕದು ಮಾಡಕ್ಕೆ ನಾನು ಬಿಡಲ್ಲ ಅಂತ ಅಬ್ಬ ಹಟ ಹಿಡಿದಿದ್ರು” ಎಂದಳು ಹಿನಾ. ಕೊನೆಯ ಸಾಲು ಮಾತ್ರ ನಂಜುಂಡಯ್ಯ ಬರೆದದ್ದಲ್ಲ. ‘ತಮ್ಮ ಆಗಮನ ಬಯಸುವವರು’ ಎಂಬುದರ ಕೆಳಗೆ ಸಾಬಿರಾ ಮತ್ತು ಸಮದ್ ಎಂದಿತ್ತು. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಶಿವಲಿಂಗಮ್ಮ ಮತ್ತು ನಂಜುಂಡಯ್ಯ ಎಂದಿತ್ತು.

ನಂಜುಂಡಯ್ಯ ಆ ಸಾಲನ್ನು ಇನ್ನೊಮ್ಮೆ ಓದಿದ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಾಗ ಗೋಡೆಯಾಚೆ ಪ್ರಿಂಟರ್ ಗರ್ರೆಂದಿತು.

“ನೋಡಿದ್ರಾ, ನಿಂತಿದ್ದ ಪ್ರಿಂಟೆಲ್ಲ ಹೋಗ್ತಾ ಇದೆ” ಎಂದಳು ಹಿನಾ.

ಮೊದಲು ಕಲ್ಯದ ರೈತನ ಅರ್ಜಿ. ಎರಡನೆಯದೂ ಅದೇ. ಆಮೇಲೆ ನಂಜುಂಡಯ್ಯನಿಗೆ ನೆನಪಾಯಿತು. ಕುರ್ಚಿ ಬೀಳಿಸಿಕೊಂಡು ಎದ್ದವನು ತಂತಿಗೆ ಕೈ ಹಾಕಿ ಜೋರಾಗಿ ಎಳೆದ. ತಂತಿಯ ಜೊತೆಗೆ ಕೆಂಪು ಬಳೆಯೂ ಕಿತ್ತು ಬಂದು ನೆಲದ ಮೇಲೆ ಉರುಳಿತು. ಪ್ರಿಂಟರ್ ನಿಲ್ಲಲಿಲ್ಲ. ಹೋಗಬೇಕಾದದ್ದೆಲ್ಲ ಆಗಲೇ ಆ ಕಡೆ ತಲುಪಿಯಾಗಿತ್ತು. ಮೂರು ದಿನದಿಂದ ಇಡದ ಹನ್ನೆರಡು ಹೆಜ್ಜೆಯನ್ನು ಅವನು ಐದು ನೆಗೆತದಲ್ಲಿ ಮುಗಿಸಿದ.

ಅಷ್ಟರಲ್ಲಿ, ಪ್ರಿಂಟರ್ ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಸಾಬೀರ್ ಮೇಷ್ಟ್ರು ಮದುವೆಯ ಕರೆಯೋಲೆಯಿರಬೇಕೆಂದು ಒಂದು ಹಾಳೆ ಎತ್ತಿಕೊಂಡಿದ್ದರು. ಮೂವತ್ತೈದು ವರ್ಷ ತರಗತಿಯಲ್ಲಿ ಗದ್ಯ ಓದಿದ ಕಂಠ. ಒಂದು ಒತ್ತಕ್ಷರವನ್ನೂ ನುಂಗದೆ ಗಟ್ಟಿಯಾಗಿ ಓದುತ್ತಿದ್ದರು.

“‘...ಇವರನ್ನು ನಂಬಿ ಸಂಬಂಧ ಬೆಳೆಸಿದವರು ಮುಂದೆ ಪರಿತಪಿಸಬೇಕಾಗುತ್ತದೆ...’ ಏನಿದು ಬೀಗರೇ?” ಕಣ್ಣು ಕೆಳಗಿಳಿಯಿತು. “ಪ್ರತಿ, ಸಾಬೀರ್ ಮೇಷ್ಟ್ರು, ವರನ ತಂದೆ... ಇದು ನಂದೇ!”

“ಅದು ನಾನು ಬರ್ದಿದ್ದಲ್ಲ ಮೇಷ್ಟ್ರೇ!” ಎಂದು ನಂಜುಂಡಯ್ಯ ಬಾಗಿಲಿನಿಂದಲೇ ಕೂಗಿದ.

“ಇತಿ ತಮ್ಮ ವಿಶ್ವಾಸಿ, ನಂಜುಂಡಯ್ಯ ಅಂತ ಇದೆಯಲ್ಲ. ತಾವು ಯಾರು?”

“ನಾನೇ ನಂಜುಂಡಯ್ಯ. ಅಂದ್ರೆ ಬರ್ದಿದ್ದೆ, ಅಳಿಸ್ಬುಟ್ಟಿದ್ದೆ! ಸೋಮವಾರ ಕರೆದು ನೋಡ್ದೆ, ಬದುಕಿದ್ದ. ಕರ್ದಾಗೆಲ್ಲ ಓಗೊಟ್ಟ. ಆದ್ರೂ ಒಳೀಕೆ ಬುಡ್ಲಿಲ್ಲ!”

“ಯಾರು ಬದುಕಿದ್ದ?” ಎಂದು ಸುಹೇಲ್ ಗಾಬರಿಯಿಂದ ಎದ್ದು ನಿಂತ. ಮೇಷ್ಟ್ರ ಹೆಂಡತಿ ಸೆರಗು ಎಳೆದುಕೊಂಡು ಅಂಗಡಿಯ ಹಿಂಬಾಗಿಲ ಕಡೆ ನೋಡಿದರು. ಪ್ರಿಂಟರ್ ಇದ್ಯಾವುದಕ್ಕೂ ಕಿವಿಗೊಡದೆ ಕೆಂಗಲ್ ಆಂಜನೇಯನ ಎರಡನೇ ಪ್ರತಿಯನ್ನು ಹೊರಗೆ ಹಾಕುತ್ತಿತ್ತು.

ಹಿಂದೆಯೇ ಬಂದ ಹಿನಾ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಅಪ್‌ಡೇಟು, ಪಾಸ್‌ವರ್ಡು, ಸರತಿ. ಕೇಳುತ್ತ ಕೇಳುತ್ತ ಮೇಷ್ಟ್ರ ಮುಖ ಸಡಿಲಾಯಿತು. ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಒಂದು ಕಾಗುಣಿತದ ತಪ್ಪಿಲ್ಲ ಸ್ವಾಮಿ! ಹತ್ತಕ್ಕೆ ಹತ್ತು ಕೊಡ್ತಿದ್ದೆ” ಎಂದು ತಮ್ಮ ಪ್ರತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಸುಹೇಲ್ ನಕ್ಕ, ಸಾಬಿರಾ ನಕ್ಕಳು, ಸದ್ದು ಕೇಳಿ ಬಂದು ನಿಂತಿದ್ದ ರಾಮಲಿಂಗಯ್ಯನೂ ತನಗೆ ಸಂಬಂಧವೇ ಇಲ್ಲದವನಂತೆ ನಕ್ಕ. ಮದುವೆಗೆ ಏನೂ ಆಗಲಿಲ್ಲ.

ನಗದವನು ಸಮದ್ ಒಬ್ಬನೇ. ಅವನು ಒಂದು ಹಾಳೆ ಎತ್ತಿಕೊಂಡು, ಎಂದಿನಂತೆ ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದುತ್ತಿದ್ದ. ‘ಒಳಗೊಂದು ಹೊರಗೊಂದು’ ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಆರು ಪ್ರತಿಗಳ ಹೆಸರನ್ನೂ ಬಿಡದೆ ಓದಿದ. ಆರನೆಯ ಹೆಸರಿನಿಂದ ಬೆರಳು ಬೇಗ ಏಳಲಿಲ್ಲ. ಓದಿ ಮುಗಿಸಿ ತಲೆ ಎತ್ತಿದ.

“ಚೆನ್ನಾಗಿ ಬರ್ದಿದ್ದೀರಿ ಸಾರ್” ಎಂದ.

ಇಪ್ಪತ್ತೆರಡು ವರ್ಷದಲ್ಲಿ ಸಮದ್ ಅವನನ್ನು ಕತ್ತೆ ಎಂದಿದ್ದ, ಹೆಡ್ಡ ಎಂದಿದ್ದ, ಬಾಯಿಗೆ ಬಂದದ್ದೆಲ್ಲ ಎಂದಿದ್ದ. ಸಾರ್ ಎಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಮದ್ ಪ್ರಿಂಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನಂಜುಂಡಯ್ಯನ ಮೇಜಿನ ಮೇಲೆ ಇಟ್ಟ.

“ಬೇಡ ಕಣ್ಲಾ ಸಮದ, ತಪ್ಪಾಯ್ತು. ನನ್ನ ಬುದ್ಧಿಗೆ ಬೆಂಕಿ ಬೀಳ.”

“ಇರ್ಲಿ ಸಾರ್. ನಂದು ಸ್ಟಿಕ್ಕರ್ ಕೆಲ್ಸ ರಾಮನಗರದಲ್ಲಿ ಮಾಡಿಸ್ಕೊತೀನಿ. ನಿಮ್ಗೆ ದಿನಾ ಬೇಕಾಗ್ತದೆ.” ಮೇಜಿನ ಮೇಲಿದ್ದ ಕೆಂಪು ಬಳೆಯನ್ನು ಒಮ್ಮೆ ನೋಡಿ, ಅದನ್ನು ಅಲ್ಲೇ ಬಿಟ್ಟು ಹೋದ.

ನಂಜುಂಡಯ್ಯ ಬರೆದ ಸಾವಿರಾರು ಅರ್ಜಿಗಳಲ್ಲಿ ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಮಂಜೂರಾದದ್ದು ಇದೊಂದೇ. ಪ್ರಿಂಟರ್ ಸ್ವಾಧೀನಕ್ಕೆ ಬಂತು, ಉಭಯ ಅಂಗಡಿಗಳ ಸಂಪರ್ಕ ಕಡಿತವಾಯಿತು. ಮಾರನೆಯ ದಿನ ಗೋಡೆಯ ತೂತಿಗೆ ಆ ಕಡೆಯಿಂದ ಒಂದು ಮರದ ಬಿರಡೆ ಬಂದು ಕೂತಿತ್ತು. ಅದಕ್ಕೂ ಸಮದ್ ಚೆಂದಾಗಿ ಅರಗು ಹಾಕಿದ್ದ. ಅರ್ಧಂಬರ್ಧ ಕೆಲಸ ಅವನಿಗೆ ಗೊತ್ತಿರಲಿಲ್ಲ.

ಹಿನಾ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಕರೆಯೋಲೆಯನ್ನು ನಂಜುಂಡಯ್ಯ ಐವತ್ತು ಪ್ರತಿ ತೆಗೆದ. ಕಾಗದ ಈಗ ಅವನ ಮಗ್ಗುಲಲ್ಲೇ ಬೀಳುತ್ತಿತ್ತು, ಎದ್ದು ಹೋಗುವ ಕೆಲಸವಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮನೆಮನೆಗೆ ಹೋಗಿ ಕೊಟ್ಟರು. ನಿಕಾಹ್ ದಿನ ಅವನು ಗರಿಗರಿ ಅಂಗಿ ತೊಟ್ಟು ಶಾದಿ ಮಹಲಿನ ಬಾಗಿಲಲ್ಲಿ ಸಮದನ ಪಕ್ಕ ನಿಂತ. “ಒಳಗೆ ಕೂತ್ಕೊಳ್ಳಿ ಸಾರ್” ಎಂದ ಸಮದ್. ಕೂರಲಿಲ್ಲ. ಬರುವವರಿಗೆಲ್ಲ ಕೈಮುಗಿದು, ಕಾಲು ಊದುವ ತನಕ ನಿಂತೇ ಇದ್ದ. ಕಾರ್ಡಿನಲ್ಲಿ ಅವನ ಹೆಸರಿತ್ತು.

ಮದುವೆಯಾಗಿ ಈಗ ಏಳು ತಿಂಗಳು. ದಿನಾ ಹನ್ನೊಂದಕ್ಕೆ ನಂಜುಂಡಯ್ಯ ಟೀ ಅಂಗಡಿಗೆ ಹೋಗಿ ಒಂದು ಬೈ ಟೂ ಹೇಳುತ್ತಾನೆ. ಎರಡು ಲೋಟ ಹಿಡಿದು, ಚೆಲ್ಲದಂತೆ, ಸಮದನ ಮೆಟ್ಟಿಲು ಹತ್ತುತ್ತಾನೆ. ಸಮದ್ ಒರಟನಲ್ಲ. ಲೋಟ ತೆಗೆದುಕೊಳ್ಳುತ್ತಾನೆ, ಕುಡಿಯುತ್ತಾನೆ, “ಥ್ಯಾಂಕ್ಸ್ ಸಾರ್” ಎನ್ನುತ್ತಾನೆ. ನಂಜುಂಡಯ್ಯ ತನ್ನ ಅರ್ಧ ಲೋಟ ಕುಡಿದು ವಾಪಸು ಬರುತ್ತಾನೆ.

“ಏನಾಯ್ತಯ್ಯ ನಿನ್ನ ಅರ್ಜಿ?” ಎಂದು ರಾಮಲಿಂಗಯ್ಯ ಪೇಪರಿನ ಹಿಂದಿನಿಂದ ಕೇಳುತ್ತಾನೆ.

“ಇನ್ನೂ ಪರಿಶೀಲನೇಲಿ ಐತೆ” ಎನ್ನುತ್ತಾನೆ ನಂಜುಂಡಯ್ಯ.

ಈ ಅರ್ಜಿಗೆ ವಿಷಯವಿಲ್ಲ, ಉಲ್ಲೇಖವಿಲ್ಲ, ಯಾರಿಗೂ ಪ್ರತಿಯಿಲ್ಲ. ಎಲ್ಲ ಅನುಮತಿಯ ಹಿಂದೆಯೂ ಒಬ್ಬ ಮನುಷ್ಯ ಕೂತಿರುತ್ತಾನೆಂದು ಅವನು ನಂಬಿದ್ದನಲ್ಲ, ಅದು ಕಂಪ್ಯೂಟರಿನ ವಿಷಯದಲ್ಲಿ ಸುಳ್ಳಾಯಿತು. ಈ ಸಲ ಮಾತ್ರ, ಬಿರಡೆ ಹಾಕಿದ ಗೋಡೆಯ ಆಚೆ, ನಿಜವಾಗಿಯೂ ಒಬ್ಬ ಕೂತಿದ್ದಾನೆ.